ಬುಟ್ಟಿಚೆಂಡಿನ ಜನಕ

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಬೀದಿಗಳಲ್ಲಿ ಸಂಜೆಯ ಹೊತ್ತು ನಡೆದುಹೋಗುವವರಿಗೆ ಒಂದು ಸದ್ದು ಪರಿಚಿತವಾದದ್ದು. ಶಾಲೆಯ ಅಂಗಳದ ಗಟ್ಟಿ ನೆಲದ ಮೇಲೆ ಚೆಂಡು ಪುಟಿಯುವ ಸದ್ದು ಅದು. ಎತ್ತರದ ಕಂಬ, ಕಂಬಕ್ಕೆ ಹಲಗೆ, ಹಲಗೆಗೆ ಕಬ್ಬಿಣದ ಬಳೆ, ಬಳೆಯಿಂದ ಜೋತುಬಿದ್ದ ಬಲೆ. ಅದರ ಕೆಳಗೆ ಹುಡುಗರೋ ಹುಡುಗಿಯರೋ ಹತ್ತು ಮಂದಿ ಬೆವರು ಸುರಿಸುತ್ತ ಓಡಾಡುತ್ತಿರುತ್ತಾರೆ. ಕ್ರಿಕೆಟ್ಟಿಗೆ ಬೇಕಾಗುವಷ್ಟು ಬಯಲು ಈ ಬಡಾವಣೆಗಳಲ್ಲಿ ಈಗ ಎಲ್ಲಿದೆ? ಬ್ಯಾಸ್ಕೆಟ್‌ಬಾಲಿಗಾದರೋ 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಗಳ ಸಾಕು. ಇಕ್ಕಟ್ಟಿನ ಜಾಗಕ್ಕೆ ಒಗ್ಗಿಕೊಳ್ಳುವ ಈ ಗುಣ ಆ ಆಟಕ್ಕೆ ಆಕಸ್ಮಿಕವಾಗಿ ಬಂದುದಲ್ಲ. ಅದು ಹುಟ್ಟಿದ್ದೇ ನಾಲ್ಕು ಗೋಡೆಗಳ ನಡುವೆ.

ಕಬಡ್ಡಿಯನ್ನು ಮೊದಲು ಆಡಿದವರು ಯಾರು, ಚಿಣ್ಣಿದಾಂಡನ್ನು ಕಂಡುಹಿಡಿದವರು ಯಾರು ಎಂದು ಕೇಳಿದರೆ ಉತ್ತರವಿಲ್ಲ. ಆದರೆ ಬ್ಯಾಸ್ಕೆಟ್‌ಬಾಲ್ ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ, ಯಾರ ಕೈಯಿಂದ ಹುಟ್ಟಿತೆಂಬುದನ್ನು ಖಚಿತವಾಗಿ ಹೇಳಬಹುದು. ಅದನ್ನು ಸೃಷ್ಟಿಸಿದವರು ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು.

ಜೇಮ್ಸ್ 1861ನೆಯ ಇಸವಿ ನವೆಂಬರ್ 6ರಂದು ಕೆನಡಾ ದೇಶದ ಆಲ್ಮಾಂಟ್ ಎಂಬ ಊರಿನ ಸಮೀಪದಲ್ಲಿ ಜನಿಸಿದನು. ತಂದೆತಾಯಿಗಳು ಸ್ಕಾಟ್ಲೆಂಡ್ ಮೂಲದವರು. ಹುಡುಗನಿಗೆ ಇನ್ನೂ ಒಂಬತ್ತು ವರ್ಷ. ವಿಷಮಶೀತ ಜ್ವರ ಬಂದು ಕೆಲವೇ ವಾರಗಳ ಅಂತರದಲ್ಲಿ ತಂದೆ ತಾಯಿ ಇಬ್ಬರನ್ನೂ ಕೊಂಡೊಯ್ದಿತು. ಆಸರೆಯಾಗಿದ್ದ ಅಜ್ಜಿಯೂ ಹೆಚ್ಚು ಕಾಲ ಉಳಿಯಲಿಲ್ಲ. ಮುಂದೆ ಸೋದರಮಾವನ ಹೊಲಮನೆಯೇ ಆ ಅನಾಥನ ಮನೆಯಾಯಿತು. ದುಡಿಮೆಗೆ ಅಲ್ಲಿ ಬಿಡುವಿರಲಿಲ್ಲ. ಹದಿನೈದನೆಯ ವಯಸ್ಸಿನಲ್ಲಿ ಓದನ್ನು ಬಿಟ್ಟು ಜೇಮ್ಸ್ ಕಾಡಿನಲ್ಲಿ ಮರ ಕಡಿಯುವ ಕೂಲಿಗೆ ಸೇರಿದನು. ಕೆಲವು ವರ್ಷಗಳ ತರುವಾಯ ತನ್ನ ತಪ್ಪು ತನಗೇ ಅರಿವಾಗಿ, ಮೀಸೆ ಮೂಡಿದ ಮೇಲೆ, ತನಗಿಂತ ಚಿಕ್ಕವರ ಪಕ್ಕದಲ್ಲಿ ನಾಚಿಕೆಯಿಲ್ಲದೆ ಕುಳಿತು ಪ್ರೌಢಶಾಲೆಯ ಓದನ್ನು ಮುಗಿಸಿದನು.

ಬಾಲ್ಯದಲ್ಲಿ ಅವನೂ ಅವನ ಗೆಳೆಯರೂ ಆಡುತ್ತಿದ್ದ ಆಟವೊಂದನ್ನು ಇಲ್ಲಿ ನೆನೆಯಬೇಕು. ನಮ್ಮ ಲಗೋರಿಯನ್ನು ಅದು ಸ್ವಲ್ಪ ಹೋಲುತ್ತದೆ. ದೊಡ್ಡ ಬಂಡೆಯೊಂದರ ಮೇಲೆ ಚಿಕ್ಕ ಕಲ್ಲನ್ನಿಟ್ಟು ಒಬ್ಬನು ಕಾವಲು ನಿಲ್ಲುವನು. ಮಿಕ್ಕವರು ದೂರದಿಂದ ಕಲ್ಲೆಸೆದು ಅದನ್ನು ಉರುಳಿಸಬೇಕು. ಗುರಿ ತಪ್ಪಿದವನು ಕಾವಲುಗಾರನ ಕೈಗೆ ಸಿಕ್ಕದಂತೆ ತನ್ನ ಕಲ್ಲನ್ನು ಎತ್ತಿಕೊಂಡು ಓಡಿಬರಬೇಕು. ಬಿರುಸಾಗಿ ಎಸೆದರೆ ಕಲ್ಲು ಎಲ್ಲೋ ದೂರ ಹೋಗಿ ಬೀಳುತ್ತದೆ. ಅದನ್ನು ತರುವಷ್ಟರಲ್ಲಿ ಸಿಕ್ಕಿಬೀಳುವುದು ಖಂಡಿತ. ಕಮಾನಿನಂತೆ ಮೇಲಕ್ಕೆ ಮೆಲ್ಲನೆ ಎಸೆದರೆ ಬಂಡೆಯ ಬಳಿಯಲ್ಲೇ ಬೀಳುತ್ತದೆ. ತೋಳ್ಬಲಕ್ಕಿಂತ ಹದವೇ ಇಲ್ಲಿ ಗೆಲ್ಲುತ್ತಿತ್ತು. ಈ ಮಾತು ಹುಡುಗನ ಮನಸ್ಸಿನ ಮೂಲೆಯಲ್ಲಿ ಎಲ್ಲೋ ಉಳಿದುಕೊಂಡಿತು.

ಮಾಂಟ್ರಿಯಲ್ ನಗರದ ಮ್ಯಾಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ನೈಸ್ಮಿತ್ತರು 1887ರಲ್ಲಿ ಪದವಿ ಪಡೆದರು. ಬಳಿಕ ಕ್ರೈಸ್ತ ಪಾದ್ರಿಯಾಗುವ ಉದ್ದೇಶದಿಂದ ಧರ್ಮಶಾಸ್ತ್ರವನ್ನು ಅಭ್ಯಾಸ ಮಾಡಿದರು. ಜೊತೆಜೊತೆಗೆ ಆಟದ ಬಯಲಿನಲ್ಲಿಯೂ ಅವರು ಮುಂದಾಳೇ. ಆ ಕಾಲದ ಭಕ್ತರಿಗೆ ಆಟವೆಂದರೆ ಕಾಲಹರಣ, ಅದಕ್ಕಿಂತಲೂ ಹೆಚ್ಚಾಗಿ ದಾರಿ ತಪ್ಪಿಸುವ ಚಟ. ನೆಂಟರಿಷ್ಟರು ಅಸಮಾಧಾನಗೊಂಡರು. ಒಮ್ಮೆ ಫುಟ್‌ಬಾಲ್ ಪಂದ್ಯದ ನಡುವೆ ಅವರ ಪಕ್ಕದ ಆಟಗಾರನು ಸಿಟ್ಟಿನಿಂದ ಕೆಟ್ಟ ಮಾತಾಡಿ, ಒಡನೆಯೇ ನೈಸ್ಮಿತ್ತರ ಕಡೆ ತಿರುಗಿ, ತಾವು ಅಲ್ಲಿರುವುದನ್ನು ಮರೆತೆನೆಂದು ಕ್ಷಮೆ ಕೇಳಿದನು. ಅವರು ಅವನನ್ನು ಎಂದೂ ಗದರಿದವರಲ್ಲ. ಉಪದೇಶ ಮಾಡದೆಯೂ ಒಬ್ಬನನ್ನು ತಿದ್ದಲು ಸಾಧ್ಯವಾದರೆ ಆಟದ ಬಯಲೂ ಗುಡಿಯಷ್ಟೇ ಯೋಗ್ಯವಾದ ಸ್ಥಳವಲ್ಲವೆ ಎಂಬ ಆಲೋಚನೆ ಅವರಲ್ಲಿ ಬಲಿಯಿತು. ಪಾದ್ರಿಯ ಪೀಠವನ್ನು ಬಿಟ್ಟು 1890ರಲ್ಲಿ ಅವರು ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯನ್ನು ಸೇರಿದರು.

1891ರ ಚಳಿಗಾಲ. ಹೊರಗೆ ಹಿಮ ಬಿದ್ದು ಬಯಲಾಟಗಳೆಲ್ಲ ನಿಂತುಹೋಗಿದ್ದವು. ಶಾಲೆಯಲ್ಲಿ ಹದಿನೆಂಟು ಮಂದಿಯ ಒಂದು ತರಗತಿ ಇತ್ತು. ಎಲ್ಲರೂ ಪ್ರಾಯದವರು, ಒಳಾಂಗಣದ ಕವಾಯತು, ಕಸರತ್ತುಗಳು ಅವರಿಗೆ ಬೇಸರ ತಂದಿದ್ದವು. ಇಬ್ಬರು ಉಪಾಧ್ಯಾಯರು ಆಗಲೇ ಆ ತರಗತಿಗೆ ಸೋತು ಕೈಚೆಲ್ಲಿದ್ದರು. ಮುಖ್ಯಸ್ಥರಾದ ಲೂಥರ್ ಗ್ಯೂಲಿಕ್ ಅವರು ಆ ಹೊರೆಯನ್ನು ನೈಸ್ಮಿತ್ತರ ಹೆಗಲಿಗೇರಿಸಿ, ಒಳಾಂಗಣದಲ್ಲಿ ಆಡಬಹುದಾದ ಹೊಸ ಆಟವೊಂದನ್ನು ಹದಿನಾಲ್ಕು ದಿನಗಳಲ್ಲಿ ರೂಪಿಸಬೇಕೆಂದರು. ತರಗತಿಯ ಹಿಂದಿನ ಬೆಂಚುಗಳನ್ನು ಚೆನ್ನಾಗಿ ಬಲ್ಲ ನನ್ನಂಥ ಹಳೆಯ ಉಪಾಧ್ಯಾಯನಿಗೆ ಆ ಹದಿನಾಲ್ಕು ದಿನಗಳ ಸಂಕಟ ಸುಲಭವಾಗಿ ಅರ್ಥವಾಗುತ್ತದೆ.

ಫುಟ್‌ಬಾಲನ್ನು ಒಳಗೆ ಆಡಿಸಿದರು, ಮೈಕೈ ನೋಯಿತು. ಲಕ್ರಾಸ್ ಎಂಬ ಕೋಲಾಟವನ್ನು ಆಡಿಸಿದರು, ಅದೂ ಕೆಟ್ಟಿತು. ಅವಧಿ ಮುಗಿಯುತ್ತ ಬಂದಿತು. ಆಗ ನೈಸ್ಮಿತ್ತರು ಇದ್ದ ಆಟವನ್ನು ತಿದ್ದುವ ಪ್ರಯತ್ನವನ್ನು ಬಿಟ್ಟು, ಆಟಗಳು ಒರಟಾಗುವುದೇತಕ್ಕೆ ಎಂದು ತಮ್ಮನ್ನೇ ಕೇಳಿಕೊಂಡರು. ಚೆಂಡನ್ನು ಹಿಡಿದು ಓಡುವವನನ್ನು ತಡೆಯಲು ಅವನ ಮೇಲೆ ಬೀಳಬೇಕಾಗುತ್ತದೆ. ಓಡುವುದನ್ನೇ ನಿಷೇಧಿಸಿದರೆ? ಬೀಳಿಸುವ ಅಗತ್ಯವೇ ಉಳಿಯುವುದಿಲ್ಲ. ಗುರಿ ನೆಲಮಟ್ಟದಲ್ಲಿ ಎದುರಿಗಿದ್ದರೆ ಚೆಂಡನ್ನು ಶಕ್ತಿಯಿದ್ದಷ್ಟು ಬಿರುಸಾಗಿ ಹೊಡೆಯುತ್ತಾರೆ. ಗುರಿಯನ್ನು ತಲೆಯ ಮೇಲೆ, ಆಕಾಶಕ್ಕೆ ಬಾಯ್ದೆರೆದಂತೆ ಇಟ್ಟರೆ? ಆಗ ಚೆಂಡನ್ನು ಕಮಾನಿನಂತೆ ಮೆಲ್ಲನೆ ಎಸೆಯಲೇಬೇಕು. ಹುಟ್ಟೂರಿನ ಬಂಡೆ, ಅದರ ಮೇಲಿನ ಕಲ್ಲು ಎರಡೂ ನೆನಪಿಗೆ ಬಂದವು.

ಮಾರನೆಯ ದಿನ ಶಾಲೆಯ ಜವಾನನನ್ನು ಎರಡು ಪೆಟ್ಟಿಗೆಗಳಿಗಾಗಿ ಕೇಳಿದರು. ಪೆಟ್ಟಿಗೆಗಳಿರಲಿಲ್ಲ, ಪೀಚ್ ಹಣ್ಣು ತುಂಬುವ ಎರಡು ಹಳೆಯ ಬುಟ್ಟಿಗಳನ್ನು ಆತ ತಂದುಕೊಟ್ಟನು. ಅವುಗಳನ್ನು ಒಳಾಂಗಣದ ಎರಡು ತುದಿಗಳ ಮೊಗಸಾಲೆಗೆ ಮೊಳೆ ಹೊಡೆದು ನಿಲ್ಲಿಸಿದರು. ಮೊಗಸಾಲೆ ನೆಲದಿಂದ ಹತ್ತು ಅಡಿ ಎತ್ತರದಲ್ಲಿತ್ತು. ಇಂದಿಗೂ ಜಗತ್ತಿನೆಲ್ಲೆಡೆ ಬಳೆಯ ಎತ್ತರ ಹತ್ತು ಅಡಿಯೇ. ಜವಾನನಿಗೆ ಪೆಟ್ಟಿಗೆ ಸಿಕ್ಕಿದ್ದರೆ ಈ ಆಟಕ್ಕೆ ಯಾವ ಹೆಸರು ಬರುತ್ತಿತ್ತೋ! ಹದಿಮೂರು ನಿಯಮಗಳನ್ನು ಬೆರಳಚ್ಚು ಮಾಡಿಸಿ ಫಲಕಕ್ಕೆ ಚುಚ್ಚಿದರು. ಡಿಸೆಂಬರ್ 21ರಂದು, ಪಕ್ಷಕ್ಕೆ ಒಂಬತ್ತು ಮಂದಿಯಂತೆ, ಫುಟ್‌ಬಾಲ್ ಚೆಂಡಿನಿಂದಲೇ ಮೊದಲ ಆಟ ನಡೆಯಿತು. ಇಡೀ ಆಟದಲ್ಲಿ ಚೆಂಡು ಬುಟ್ಟಿಗೆ ಬಿದ್ದುದು ಒಂದೇ ಸಲ. ಬುಟ್ಟಿಗೆ ತಳವಿದ್ದುದರಿಂದ ಬಿದ್ದ ಚೆಂಡನ್ನು ಯಾರಾದರೂ ಹತ್ತಿ ತೆಗೆಯಬೇಕಾಗಿತ್ತು. ಯಾರಿಗೂ ಹಿಡಿತಕ್ಕೆ ಬಾರದಿದ್ದ ಆ ತರಗತಿ ಮರುದಿನ ಆಟದ ಹೊತ್ತಿಗಾಗಿ ಕಾದು ನಿಂತಿತು. ವಿದ್ಯಾರ್ಥಿಯೊಬ್ಬನು ಆಟಕ್ಕೆ ಗುರುಗಳ ಹೆಸರನ್ನೇ ಇಡಬೇಕೆಂದಾಗ ನೈಸ್ಮಿತ್ತರು ನಕ್ಕುಬಿಟ್ಟರು.

ಕೆಲವೇ ವಾರಗಳಲ್ಲಿ ನೆರೆಯ ಶಾಲೆಯ ಉಪಾಧ್ಯಾಯಿನಿಯರು ತಾವೂ ಆಡಬಹುದೇ ಎಂದು ಕೇಳಿಬಂದರು. ಹೆಂಗಸರು ಓಡಿ ಆಡುವುದನ್ನು ಒಪ್ಪದ ಕಾಲವದು. ನೈಸ್ಮಿತ್ತರು ಸಂಕೋಚವಿಲ್ಲದೆ ಕಲಿಸಿದರು. ಆ ಮೊದಲ ಆಟಗಾರ್ತಿಯರಲ್ಲಿ ಒಬ್ಬರಾದ ಮಾಡ್ ಶೆರ್ಮನ್ ಅವರನ್ನು 1894ರಲ್ಲಿ ವಿವಾಹವಾದರು. ಮೊದಲ ಆಟದಲ್ಲಿ ಒಂದು ಪಕ್ಷದ ನಾಯಕನಾಗಿದ್ದ ಡಂಕನ್ ಪ್ಯಾಟನ್ ಎಂಬ ಶಿಷ್ಯನು ಆ ಆಟವನ್ನು ನಮ್ಮ ಭರತಖಂಡಕ್ಕೆ ತಂದನು. 1920ರಲ್ಲಿ ಹ್ಯಾರಿ ಬಕ್ ಅವರು ಮದರಾಸಿನಲ್ಲಿ ದೈಹಿಕ ಶಿಕ್ಷಣದ ವೈ.ಎಂ.ಸಿ.ಎ. ಶಾಲೆಯನ್ನು ತೆರೆದ ಮೇಲೆ, ದಕ್ಷಿಣದ ಶಾಲೆಗಳಿಗೆ ತರಬೇತಿ ಪಡೆದ ಉಪಾಧ್ಯಾಯರು ಅಲ್ಲಿಂದ ಬರತೊಡಗಿದರು.

ಡೆನ್ವರ್ ನಗರದಲ್ಲಿ ವ್ಯಾಯಾಮ ಕಲಿಸುತ್ತಲೇ ನೈಸ್ಮಿತ್ತರು ವೈದ್ಯಶಾಸ್ತ್ರವನ್ನು ಓದಿ 1898ರಲ್ಲಿ ವೈದ್ಯರಾದರು. ಆ ದಿನಗಳಲ್ಲಿ ಅವರ ಕಣ್ಣೆದುರಿಗೇ ಯುವಕನೊಬ್ಬನು ಪಲ್ಟಿ ಹೊಡೆಯುವಾಗ ಕತ್ತು ಮುರಿದು ಪ್ರಾಣಬಿಟ್ಟನು. ಆ ನೋವು ಅವರನ್ನು ಬಹುಕಾಲ ಕಾಡಿತು. ಅದೇ ವರ್ಷ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯಕ್ಕೆ ಪ್ರಾರ್ಥನಾಮಂದಿರದ ಮೇಲ್ವಿಚಾರಕರಾಗಿಯೂ ವ್ಯಾಯಾಮ ಶಿಕ್ಷಕರಾಗಿಯೂ ಬಂದರು.

ಕ್ಯಾನ್ಸಾಸಿನ ಮೊದಲ ಪಂದ್ಯ ನಡೆದುದು 1899ರ ಫೆಬ್ರವರಿ 3ರಂದು. ಆಟವನ್ನು ಸೃಷ್ಟಿಸಿದವರೇ ತರಬೇತಿ ಕೊಟ್ಟ ತಂಡವೆಂದು ಜನರು ಏನನ್ನು ನಿರೀಕ್ಷಿಸಿದ್ದರೋ! ಕ್ಯಾನ್ಸಾಸ್ ನಗರದ ವೈ.ಎಂ.ಸಿ.ಎ. ತಂಡದ ಎದುರು ಅವರು 16ಕ್ಕೆ 5 ಅಂಕಗಳಿಂದ ಸೋತರು. ನೈಸ್ಮಿತ್ತರ ಕಾಲದಲ್ಲಿ ಆ ತಂಡ ಒಟ್ಟು 55 ಪಂದ್ಯಗಳನ್ನು ಗೆದ್ದು 60ರಲ್ಲಿ ಸೋತಿತು. ಆ ವಿಶ್ವವಿದ್ಯಾನಿಲಯದ ಬ್ಯಾಸ್ಕೆಟ್‌ಬಾಲ್ ಶಿಕ್ಷಕರ ಸಾಲಿನಲ್ಲಿ ಗೆಲುವಿಗಿಂತ ಸೋಲು ಹೆಚ್ಚಾಗಿರುವವರು ಇಂದಿಗೂ ಅವರೊಬ್ಬರೇ. 1907ರಲ್ಲಿ ಕ್ಯಾನ್ಸಾಸ್ ಮೊದಲಾದ ಕಾಲೇಜುಗಳು ಮಿಸೌರಿ ಕಣಿವೆಯ ಒಕ್ಕೂಟವನ್ನು ಕಟ್ಟಿಕೊಂಡು, ಋತುವಿಗೊಮ್ಮೆ ಪರಸ್ಪರ ಸೆಣಸಿ ಪ್ರಶಸ್ತಿಯನ್ನು ನಿರ್ಧರಿಸತೊಡಗಿದವು. ತಂಡದ ಹೊಣೆ ಆಗ ನೈಸ್ಮಿತ್ತರ ಶಿಷ್ಯ ಫಾರೆಸ್ಟ್ ಆ್ಯಲೆನ್ ಅವರ ಕೈಗೆ ಬಂದಿತು. ಒಕ್ಕೂಟದ ಮೊದಲ ಋತುವಿನಲ್ಲೇ ಆ್ಯಲೆನ್ ಪ್ರಶಸ್ತಿಯನ್ನು ತಂದರು. ಈ ಆಟವನ್ನು ಆಡಬೇಕೇ ಹೊರತು ಅದಕ್ಕೆ ತರಬೇತಿ ಕೊಡುವಂಥದೇನಿದೆ ಎಂಬುದು ಗುರುವಿನ ನಿಲುವು. ಶಿಷ್ಯರು ಅದನ್ನು ಒಪ್ಪಲಿಲ್ಲ. ಗೆಲುವಿನ ಲೆಕ್ಕದಲ್ಲಿ ಶಿಷ್ಯರದೇ ಸರಿಯಾಯಿತೆಂದು ಒಪ್ಪಬೇಕು. ಆದರೆ ಪಂದ್ಯ ಮುಗಿದ ಮೇಲೆ ಹುಡುಗನು ಎಂಥವನಾಗಿ ಹೊರಬಂದನೆಂಬುದನ್ನು ನೋಡುತ್ತಿದ್ದ ಆ ಉಪಾಧ್ಯಾಯರಿಗೆ ಅಂಕಪಟ್ಟಿಯ ಚಿಂತೆ ಎಂದೂ ಹತ್ತಲಿಲ್ಲ.

ಅದಕ್ಕೆ ನಿದರ್ಶನ 1933ರಲ್ಲಿ ಅಲ್ಲಿಗೆ ಬಂದ ಜಾನ್ ಮೆಕ್‌ಲೆಂಡನ್. ಆತ ಕರಿಯ ಜನಾಂಗದ ತರುಣ. ಬಣ್ಣದ ಕಾರಣದಿಂದ ಆತನಿಗೆ ವಿಶ್ವವಿದ್ಯಾನಿಲಯದ ತಂಡದಲ್ಲಿ ಆಡುವ ಹಕ್ಕಿರಲಿಲ್ಲ. ನಮ್ಮಲ್ಲಿ ಕೆರೆ ಬಾವಿಗಳನ್ನು ಮುಟ್ಟಗೊಡದ ಕಾಲವನ್ನು ಬಲ್ಲವರಿಗೆ ಈ ಅವಮಾನವನ್ನು ವಿವರಿಸಬೇಕಾಗಿಲ್ಲ. ಎಪ್ಪತ್ತು ದಾಟಿದ್ದ ನೈಸ್ಮಿತ್ತರು ಅವನಿಗೆ ಮಾರ್ಗದರ್ಶಕರಾಗಿ ನಿಂತು, ತಮಗೆ ತಿಳಿದುದನ್ನೆಲ್ಲ ಧಾರೆಯೆರೆದರು. ತಂಡದಲ್ಲಿ ಜಾಗ ಸಿಗದ ಆ ತರುಣ ಮುಂದೆ ಅಮೆರಿಕದ ಶ್ರೇಷ್ಠ ತರಬೇತುದಾರರಲ್ಲಿ ಒಬ್ಬನಾದನು.

1936ರಲ್ಲಿ ಬರ್ಲಿನ್ ಒಲಿಂಪಿಕ್ ಕ್ರೀಡಾಕೂಟದಲ್ಲಿ ಬ್ಯಾಸ್ಕೆಟ್‌ಬಾಲಿಗೆ ಮೊದಲ ಬಾರಿಗೆ ಸ್ಥಾನ ದೊರೆಯಿತು. ಅಲ್ಲಿಗೆ ಹೋಗಲು ನೈಸ್ಮಿತ್ತರ ಬಳಿ ಹಣವಿರಲಿಲ್ಲ; ದೇಶದ ಆಟಗಾರರೂ ಅಭಿಮಾನಿಗಳೂ ಚಿಲ್ಲರೆ ಕಾಸನ್ನು ಕೂಡಿಸಿ ಅವರನ್ನು ಕಳುಹಿಸಿದರು. ಎಸ್ಟೋನಿಯಾ ಮತ್ತು ಫ್ರಾನ್ಸ್ ನಡುವಣ ಮೊದಲ ಪಂದ್ಯದ ಚೆಂಡನ್ನು ಅವರೇ ಮೇಲಕ್ಕೆಸೆದರು. ಅಂತಿಮ ಪಂದ್ಯ ಬಯಲಿನಲ್ಲಿ, ಸುರಿಯುವ ಮಳೆಯಲ್ಲಿ ನಡೆದು, ಕೆಸರಿನಲ್ಲಿ ಚೆಂಡು ಪುಟಿಯದೆ ಹೋಯಿತು. ಗೆದ್ದದ್ದು ಅವರು ಬಾಳಿದ ಅಮೆರಿಕ, ಸೋತದ್ದು ಹುಟ್ಟಿದ ಕೆನಡಾ. ಅಂಕ 19ಕ್ಕೆ 8. ಪದಕಗಳನ್ನು ಅವರ ಕೈಯಿಂದಲೇ ಕೊಡಿಸಲಾಯಿತು.

ನೈಸ್ಮಿತ್ತರು 1939ರ ನವೆಂಬರ್ 28ರಂದು ಕ್ಯಾನ್ಸಾಸಿನ ಲಾರೆನ್ಸ್ ಪಟ್ಟಣದಲ್ಲಿ ತೀರಿಕೊಂಡರು. ತಮ್ಮ ಆಟದಿಂದ ಅವರು ಹಣ ಮಾಡಿಕೊಳ್ಳಲಿಲ್ಲ. ಅವರು ಬೆರಳಚ್ಚು ಮಾಡಿಸಿ ಫಲಕಕ್ಕೆ ಚುಚ್ಚಿದ್ದ ಹದಿಮೂರು ನಿಯಮಗಳ ಎರಡು ಹಾಳೆಗಳು 2010ರಲ್ಲಿ ಹರಾಜಿಗೆ ಬಂದಾಗ 43 ಲಕ್ಷ ಡಾಲರುಗಳಿಗೂ ಹೆಚ್ಚಿನ ಬೆಲೆ ಬಂದಿತು. ಆ ಹಾಳೆಗಳು ಈಗ ಕ್ಯಾನ್ಸಾಸ್ ವಿಶ್ವವಿದ್ಯಾನಿಲಯದಲ್ಲಿ, ಶಿಷ್ಯ ಆ್ಯಲೆನ್ನರ ಹೆಸರನ್ನು ಹೊತ್ತ ಕ್ರೀಡಾಂಗಣದ ಮಗ್ಗುಲಿನ ಕಟ್ಟಡದಲ್ಲಿವೆ.