ಡೆನಿಸ್ ರಿಚಿ: ಸಿ ಕೊಟ್ಟವರು, ತಪ್ಪು ಒಪ್ಪಿಕೊಂಡವರು

ಲ್ಯಾಬ್‌ನಲ್ಲಿ ಪಾಯಿಂಟರ್ ಎಲ್ಲೋ ದಾರಿ ತಪ್ಪಿದಾಗ ಸ್ಕ್ರೀನ್ ಮೇಲೆ ಸೆಗ್ಮೆಂಟೇಶನ್ ಫಾಲ್ಟ್ ಅಂತ ಬರುತ್ತೆ, ನಾವೆಲ್ಲ ಬೈಕೊಳ್ತೀವಿ. ಆದರೆ ಆಪರೇಟಿಂಗ್ ಸಿಸ್ಟಮ್ ನಮ್ಮ ಒಂದು ಪ್ರೋಗ್ರಾಂ ನಿಲ್ಲಿಸಿ ಮಿಕ್ಕಿದ್ದನ್ನೆಲ್ಲ ಕಾಪಾಡಿದೆ ಅನ್ನೋದು ಆಗ ಹೊಳೆಯೋದಿಲ್ಲ. ನಮಗೆ ಸಿ ಭಾಷೆ ಕೊಟ್ಟ ಡೆನಿಸ್ ರಿಚಿ ಯುನಿಕ್ಸ್ ಕಟ್ಟಲು ಕೂತಾಗ ಆ ಕಾವಲೇ ಇರಲಿಲ್ಲ.

ರಿಚಿ ಹುಟ್ಟಿದ್ದು 1941ರ ಸೆಪ್ಟೆಂಬರ್ 9ರಂದು, ನ್ಯೂಯಾರ್ಕ್ ರಾಜ್ಯದ ಬ್ರಾಂಕ್ಸ್‌ವಿಲ್‌ನಲ್ಲಿ. ತಂದೆ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸಕ್ಕಿದ್ದರು. ಮಗ ಹಾರ್ವರ್ಡ್‌ನಲ್ಲಿ ಫಿಸಿಕ್ಸ್ ಓದಿ, ಆಮೇಲೆ ಗಣಿತದ ಕಡೆ ಹೊರಳಿದರು. ಪಿಎಚ್‌ಡಿ ಥೀಸಿಸ್ ಬರೆದರೂ ಡಿಗ್ರಿ ಮಾತ್ರ ತಗೊಳ್ಳಲೇ ಇಲ್ಲ! 1967ರಲ್ಲಿ ಅವರೂ ಬೆಲ್ ಲ್ಯಾಬ್ಸ್ ಸೇರಿದರು. ಅಲ್ಲಿ ನಡೀತಿದ್ದ ಮಲ್ಟಿಕ್ಸ್ ಎಂಬ ದೊಡ್ಡ ಪ್ರಾಜೆಕ್ಟ್‌ನಿಂದ ಕಂಪನಿ 1969ರಲ್ಲಿ ಹೊರಬಂತು. ಗೆಳೆಯ ಕೆನ್ ಥಾಂಪ್ಸನ್ ಹಳೇ ಪಿಡಿಪಿ-7 ಮಷೀನ್ ಮೇಲೆ ಯುನಿಕ್ಸ್ ಶುರು ಮಾಡಿದರು, ರಿಚಿ ಜೊತೆಯಾದರು.

ಮುಂದೆ ಬಂದದ್ದು ಪಿಡಿಪಿ-11/20. ಅದರ ಒಟ್ಟು ಮೆಮೊರಿ 24 ಕಿಲೋಬೈಟ್. 16 ಸಿಸ್ಟಮ್‌ಗೆ, ಉಳಿದ 8 ಬಳಸುವವರ ಪ್ರೋಗ್ರಾಂಗಳಿಗೆ. ನಾವು ಇವತ್ತು ಕಳಿಸೋ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯಲ್ಲ. ಅದಕ್ಕಿಂತ ದೊಡ್ಡ ತೊಂದರೆ ಅಂದ್ರೆ ಮೆಮೊರಿ ಪ್ರೊಟೆಕ್ಷನ್ ಇರಲಿಲ್ಲ. ನಮ್ಮ ಕದರಮಂಡಲಗಿ ಕಡೆ ರೈತರು ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಒಯ್ಯುತ್ತಾರಲ್ಲ, ಅಲ್ಲಿ ಯಾರ ಲಾಟ್ ಯಾವುದು ಅನ್ನೋ ಲೆಕ್ಕ ಇರುತ್ತೆ. ಆ ಲೆಕ್ಕವೂ ಇಲ್ಲ, ಕೇಳೋರೂ ಇಲ್ಲ ಅಂದ್ರೆ ಒಬ್ಬರು ಇನ್ನೊಬ್ಬರ ರಾಶಿ ಮೇಲೇ ತಮ್ಮ ಚೀಲ ಸುರೀಬಹುದು. 11/20ರಲ್ಲಿ ಹಂಗೇ ಆಗುತ್ತಿತ್ತು. ಯಾವ ಪ್ರೋಗ್ರಾಂ ಬೇಕಾದರೂ ಕರ್ನಲ್ ಮೇಲೆ ಬರೆದು ಇಡೀ ಮಷೀನ್ ಬೀಳಿಸಬಹುದಿತ್ತು. ಅದೇ ಮಷೀನ್‌ನಲ್ಲಿ ಪೇಟೆಂಟ್ ವಿಭಾಗದ ಟೈಪಿಸ್ಟ್‌ಗಳು ನಿಜವಾದ ಅರ್ಜಿಗಳನ್ನು ಟೈಪ್ ಮಾಡುತ್ತಿದ್ದರು. ಹೊಸ ಕೋಡ್ ಟೆಸ್ಟ್ ಮಾಡೋದಕ್ಕೆ ಧೈರ್ಯವೂ ಬೇಕಿತ್ತು, ಎಚ್ಚರವೂ ಬೇಕಿತ್ತು. ಪಿಡಿಪಿ-11/45 ಬಂದ ಮೇಲೆ ಪ್ರತಿ ವಿಳಾಸವನ್ನೂ ಹಾರ್ಡ್‌ವೇರೇ ಪರೀಕ್ಷೆ ಮಾಡಲು ಶುರುವಾಯಿತು.

ಇದೇ ವರ್ಷಗಳಲ್ಲಿ ರಿಚಿ, ಥಾಂಪ್ಸನ್ ಅವರ ಬಿ ಭಾಷೆಗೆ ಟೈಪ್‌ಗಳನ್ನು ಸೇರಿಸಿ ಸಿ ಮಾಡಿದರು. 1972ರಲ್ಲಿ ಥಾಂಪ್ಸನ್ ಕರ್ನಲ್ಲನ್ನು ಸಿ-ಯಲ್ಲಿ ಬರೆಯಲು ಹೋಗಿ ಕೈಬಿಟ್ಟರು. ಆಗಿನ್ನೂ ಸ್ಟ್ರಕ್ಚರ್ ಇರಲಿಲ್ಲ. ರಿಚಿ ಅದನ್ನು ಸೇರಿಸಿದ ಮೇಲೆ, 1973ರ ಬೇಸಿಗೆಯಲ್ಲಿ ಕೆಲಸ ಕೈಗೂಡಿತು.

ಆದರೆ ನಮಗೆ ತುಂಬಾ ಹಿಡಿಸಿದ್ದು ಒಂದು ಬಗ್‌ನ ಕಥೆ. ಮೆಮೊರಿಯಲ್ಲಿ ಜಾಗ ಸಾಲದಿದ್ದಾಗ ಕರ್ನಲ್ ಒಂದು ಪ್ರೋಸೆಸ್ಸನ್ನು ಡಿಸ್ಕ್‌ಗೆ ಕಳಿಸುತ್ತೆ, ಆಮೇಲೆ ವಾಪಸ್ ತರುತ್ತೆ. ಇದೇ ಸ್ವಾಪಿಂಗ್. ವಾಪಸ್ ಬಂದದ್ದು ಬಿಟ್ಟ ಜಾಗದಿಂದಲೇ ಮುಂದುವರಿಯಬೇಕು. 1975ರ ಆರನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಇದನ್ನು ಮಾಡೋ ನಾಲ್ಕು ಸಾಲಿನ ಮೇಲೆ, ಇದು ನಿಮಗೆ ಅರ್ಥವಾಗಬೇಕು ಅಂತ ನಾವೇನೂ ಬಯಸೋದಿಲ್ಲ ಅನ್ನೋ ಅರ್ಥದ ಕಾಮೆಂಟ್ ಇತ್ತು. ಓದಿದವರು ಇದನ್ನ ಸೊಕ್ಕು ಅಂದುಕೊಂಡರು. ರಿಚಿ ಆಮೇಲೆ ವಿವರಿಸಿದರು: ಇದು ಪರೀಕ್ಷೆಗೆ ಬರಲ್ಲ ಬಿಡಿ ಅನ್ನೋ ಧಾಟಿಯಲ್ಲಿ ಬರೆದದ್ದು; ನಿಜವಾದ ಸಮಸ್ಯೆ ಏನೆಂದರೆ ಅದು ಬರೆದವರಿಗೂ ಸರಿಯಾಗಿ ಅರ್ಥವಾಗಿರಲಿಲ್ಲ!

ತಪ್ಪು ಎಲ್ಲಿತ್ತು? ಒಂದು ಫಂಕ್ಷನ್ ತನ್ನ ಸ್ಥಿತಿ ಉಳಿಸಿಡುತ್ತಿತ್ತು, ಅದಕ್ಕೆ ವಾಪಸ್ ಹೋಗೋ ಕೋಡ್ ಮಾತ್ರ ಬೇರೆ ಫಂಕ್ಷನ್‌ದು. ಒಂದು ರೂಮಿಗೆ ಬೀಗ ಹಾಕಿ, ಇನ್ನೊಂದು ರೂಮಿನ ಕೀಲಿಯಿಂದ ತೆಗೆದ ಹಾಗೆ. ಹಾಸ್ಟೆಲ್‌ನ ಎಲ್ಲಾ ಬೀಗಕ್ಕೂ ಒಂದೇ ಕೀಲಿ ಇದ್ದರೆ ಇದು ಯಾರಿಗೂ ಗೊತ್ತಾಗೋದೇ ಇಲ್ಲ. ಪಿಡಿಪಿ-11ರ ಕಂಪೈಲರ್ ಎಲ್ಲಾ ಫಂಕ್ಷನ್‌ಗಳಲ್ಲೂ ರಿಜಿಸ್ಟರ್‌ಗಳನ್ನು ಒಂದೇ ಥರ ಉಳಿಸುತ್ತಿತ್ತು, ಅದಕ್ಕೇ ನಡೀತು. ಯುನಿಕ್ಸನ್ನು ಇಂಟರ್‌ಡೇಟಾ 8/32 ಮಷೀನ್‌ಗೆ ಒಯ್ದಾಗ ಅಲ್ಲಿನ ಕಂಪೈಲರ್ ಒಂದೊಂದು ಫಂಕ್ಷನ್‌ಗೆ ಒಂದೊಂದು ಥರ ಉಳಿಸುತ್ತಿತ್ತು. ಕೀಲಿ ಕೂರಲಿಲ್ಲ. ಪ್ಯಾಚ್ ಹಚ್ಚಿ ಸುಮ್ಮನಾಗದೆ, 1979ರ ಏಳನೇ ಆವೃತ್ತಿಗೆ ಆ ಇಡೀ ವ್ಯವಸ್ಥೆಯನ್ನೇ ಹೊಸದಾಗಿ ಬರೆದರು. ವರ್ಷಗಟ್ಟಲೆ ಕೆಲಸ ಮಾಡಿದ ಕೋಡ್ ಸರಿ ಇದೆ ಅಂತ ಅರ್ಥ ಅಲ್ಲ ಅನ್ನೋದು ಇಲ್ಲಿಂದ ನಾವು ಕಲಿತದ್ದು.

1978ರಲ್ಲಿ ಬ್ರಯಾನ್ ಕರ್ನಿಘನ್ ಜೊತೆ ಬರೆದ ಸಿ ಪುಸ್ತಕ ಬಂತು. 1983ರಲ್ಲಿ ಥಾಂಪ್ಸನ್ ಜೊತೆ ಟ್ಯೂರಿಂಗ್ ಪ್ರಶಸ್ತಿ. ಸಿ ಕೊಟ್ಟ ಸ್ವಾತಂತ್ರ್ಯಕ್ಕೆ ಬೆಲೆಯೂ ಇತ್ತು. ಅರೇ ಎಲ್ಲಿ ಮುಗಿಯುತ್ತೆ ಅಂತ ಭಾಷೆ ನೋಡೋದಿಲ್ಲ, ಫ್ರೀ ಮಾಡಿದ ಮೆಮೊರಿಯನ್ನು ಮತ್ತೆ ಮುಟ್ಟಿದರೂ ತಡೆಯೋದಿಲ್ಲ. 1988ರ ಮಾರಿಸ್ ವರ್ಮ್ ಹರಡಿದ ದಾರಿಗಳಲ್ಲಿ ಇಂಥದ್ದೂ ಒಂದು. ಲಿನಕ್ಸ್ ಕರ್ನಲ್‌ನಲ್ಲಿ ಇಂಥ ಬಗ್‌ಗಳನ್ನು ಇವತ್ತಿಗೂ ಸರಿಪಡಿಸ್ತಾನೇ ಇದ್ದಾರೆ, 2022ರಲ್ಲಿ ಅದರೊಳಗೆ ರಸ್ಟ್ ಭಾಷೆಗೂ ಜಾಗ ಕೊಟ್ಟರು. ಸಿ-ಯಲ್ಲಿ ಕೊರತೆಗಳಿವೆ ಅಂತ ರಿಚಿ ತಾವೇ ಬರೆದಿದ್ದರು.

2011ರ ಅಕ್ಟೋಬರ್ 5ರಂದು ಸ್ಟೀವ್ ಜಾಬ್ಸ್ ತೀರಿಕೊಂಡರು, ಜಗತ್ತೆಲ್ಲ ಅತ್ತಿತು. ಒಂದು ವಾರದ ನಂತರ, 12ರಂದು, ಒಂಟಿಯಾಗಿದ್ದ ರಿಚಿ ತಮ್ಮ ಮನೆಯಲ್ಲಿ ಸತ್ತಿರೋದು ತಿಳಿಯಿತು. ಆಗ ಅವರಿಗೆ 70 ವರ್ಷ. ಹೆಚ್ಚು ಸದ್ದಾಗಲಿಲ್ಲ.

ಆರನೇ ಆವೃತ್ತಿಯ ಕರ್ನಲ್ ಸುಮಾರು 9,000 ಸಾಲು, ಈಗ ಯಾರು ಬೇಕಾದರೂ ಓದಬಹುದು. ಓಎಸ್ ಪೇಪರ್‌ಗೆ ಓದುವಾಗ ಆ ನಾಲ್ಕು ಸಾಲು ಹುಡುಕಿ ನೋಡಿ. ಅರ್ಥ ಆಗದಿದ್ದರೆ ಬೇಜಾರು ಬೇಡ, ಬರೆದವರ ಕಥೆಯೂ ಅದೇ ಆಗಿತ್ತು.