ಮಣ್ಣಿಗೆ ಶಿಷ್ಯನಾದ ವಿಜ್ಞಾನಿ

ಬೂಷ್ಟು ಎಂದೊಡನೆ ನಾವು ಮೂಗು ಮುರಿಯುತ್ತೇವೆ. ಆದರೆ ಮಣ್ಣಿನ ಶಿಲೀಂಧ್ರಗಳಲ್ಲಿ ಬೆಳೆಯ ಮಿತ್ರರೂ ಉಂಟೆಂದು ಸಾರಿದವರಲ್ಲಿ ಸರ್ ಆಲ್ಬರ್ಟ್ ಹೋವರ್ಡ್ ಪ್ರಮುಖರು.

1873ರಲ್ಲಿ ಇಂಗ್ಲೆಂಡಿನ ರೈತ ಕುಟುಂಬದಲ್ಲಿ ಜನಿಸಿದ ಇವರು, 1899ರಲ್ಲಿ ವೆಸ್ಟ್ ಇಂಡೀಸಿಗೆ ಹೋಗಿ ಕಬ್ಬಿನ ರೋಗಗಳನ್ನು ಅಭ್ಯಸಿಸಿದರು. ತಾನು ಬೆಳೆಯದೆ ರೈತನಿಗೆ ಬುದ್ಧಿ ಹೇಳುವುದು ಅವರ ಮನಸ್ಸಿಗೆ ಒಗ್ಗಲಿಲ್ಲ. 1905ರಲ್ಲಿ ಬಿಹಾರದ ಪೂಸಾಕ್ಕೆ ಬಂದಾಗ ಪ್ರಯೋಗಕ್ಕೆ ಹೊಲ ದೊರೆಯಿತು. ವಿಷ ಸಿಂಪಡಿಸದೆಯೇ ಸೊಂಪಾದ ಪೈರು ತೆಗೆಯುತ್ತಿದ್ದ ನೆರೆಯ ರೈತರನ್ನೇ ಅವರು ಗುರುಗಳೆಂದು ಬಗೆದರು.

1924ರಿಂದ ಇಂದೋರಿನಲ್ಲಿ, ಪತ್ನಿ ಗೇಬ್ರಿಯೆಲ್ ಅವರ ಜೊತೆ ದುಡಿದು, ಕಸಕಡ್ಡಿ, ಸೆಗಣಿ, ಗಂಜಲ ನೆನೆದ ಮಣ್ಣುಗಳಿಂದ ಕಾಂಪೋಸ್ಟ್ ಮಾಡುವ ಕ್ರಮವನ್ನು ರೂಪಿಸಿದರು. 1930ರಲ್ಲಿ ಪತ್ನಿ ತೀರಿಕೊಂಡರು. ಮರುವರ್ಷ ಸ್ವದೇಶಕ್ಕೆ ಮರಳಿದರೂ ಹೋವರ್ಡರು ಕೆಲಸ ಬಿಡಲಿಲ್ಲ. ಬೇರನ್ನು ಕೂಡಿಕೊಂಡು ಬಾಳುವ ಶಿಲೀಂಧ್ರಗಳೇ ಗಿಡದ ಆರೋಗ್ಯಕ್ಕೆ ಆಧಾರವೆಂದು 1940ರ ತಮ್ಮ ಗ್ರಂಥದಲ್ಲಿ ವಾದಿಸಿದರು. 1947ರಲ್ಲಿ ನಿಧನರಾದರು.

ಗೊಬ್ಬರವೊಂದೇ ಸಕಲ ರೋಗಕ್ಕೂ ಮದ್ದಲ್ಲವೆಂದು ಇಂದು ನಾವು ಬಲ್ಲೆವು. ಆದರೂ ಬೇರಿನ ಶಿಲೀಂಧ್ರಗಳು ಗಿಡಕ್ಕೆ ರಂಜಕ ಒದಗಿಸುವುದೂ, ಟ್ರೈಕೋಡರ್ಮಾ ಎಂಬ ಹಸಿರು ಬೂಷ್ಟು ರೋಗದ ಬೂಷ್ಟನ್ನೇ ತಿನ್ನುವುದೂ ಸಿದ್ಧವಾಗಿವೆ. ಮಕ್ಕಳೇ, ಅಂಗಳದ ತರಗೆಲೆಗೆ ಬೆಂಕಿಯಿಡುವ ಮುನ್ನ ನಾವು ಈ ಹಿರಿಯರನ್ನು ನೆನೆಯೋಣ. ಅದನ್ನು ಗೊಬ್ಬರದ ಗುಂಡಿಗೆ ಸೇರಿಸೋಣ.