ಎರಡನೇ ಡಿವಿಜನ್‌ಗೆ ಬಿದ್ದಿದ್ದ ಲಿವರ್‌ಪೂಲ್‌ಗೆ ಗಣಿ ಊರಿನಿಂದ ಬಂದ ಕೋಚ್: ಬಿಲ್ ಶಾಂಕ್ಲಿ ಬದುಕಿನ ಕಥೆ

ಕ್ರಿಕೆಟ್ ಇರಲಿ, ಫುಟ್ಬಾಲ್ ಇರಲಿ, ಟೀಮ್ ಸತತವಾಗಿ ಸೋತರೆ ಮೊದಲ ತಲೆದಂಡ ಕೋಚ್‌ದೇ. ಹಳಬರನ್ನು ಕಳಿಸೋದು ಸುಲಭ. ಆದ್ರೆ ಅವರ ಜಾಗಕ್ಕೆ ಯಾರನ್ನ ತರೋದು? ಬಂದವರಿಗೆ ಎಷ್ಟು ಅಧಿಕಾರ ಕೊಡೋದು? ಅಸಲಿ ಪ್ರಶ್ನೆ ಇರೋದು ಅಲ್ಲಿ.

ನಮ್ಮ ತಾಲ್ಲೂಕಿನ ಕಾಲೇಜು ಹುಡುಗರ ಮೈಮೇಲೆ ಈಗ ಲಿವರ್‌ಪೂಲ್‌ನ ಕೆಂಪು ಜೆರ್ಸಿ ಕಾಣೋದು ಮಾಮೂಲಿ. ರಾತ್ರಿ ಹೊತ್ತು ಮೊಬೈಲ್‌ನಲ್ಲಿ ಆ ಟೀಮಿನ ಮ್ಯಾಚ್ ನೋಡೋರೂ ಇದ್ದಾರೆ. ಆದ್ರೆ ಈ ಕ್ಲಬ್ ಒಂದು ಕಾಲದಲ್ಲಿ ಎರಡನೇ ಡಿವಿಜನ್‌ನಲ್ಲಿ ಎಂಟು ವರ್ಷ ಕೊಳೆತಿತ್ತು ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿಂದ ಅದನ್ನು ಎತ್ತಿದವರು ಸ್ಕಾಟ್ಲೆಂಡ್‌ನ ಗಣಿ ಕಾರ್ಮಿಕ ಬಿಲ್ ಶಾಂಕ್ಲಿ.

ಊರೆಲ್ಲಾ ಕಲ್ಲಿದ್ದಲು, ಮನೆಯೆಲ್ಲಾ ಫುಟ್ಬಾಲ್

ಶಾಂಕ್ಲಿ ಹುಟ್ಟಿದ್ದು 1913ರ ಸೆಪ್ಟೆಂಬರ್ 2ರಂದು, ಸ್ಕಾಟ್ಲೆಂಡ್‌ನ ಗ್ಲೆನ್‌ಬಕ್ ಅನ್ನೋ ಹಳ್ಳಿಯಲ್ಲಿ. ಊರಿಗೆ ಅನ್ನ ಹಾಕ್ತಿದ್ದದ್ದು ಕಲ್ಲಿದ್ದಲು ಗಣಿ. ತಂದೆ ದರ್ಜಿ ಕೆಲಸ ಮಾಡ್ತಿದ್ರು. ಮನೆಯಲ್ಲಿ ಹತ್ತು ಮಕ್ಕಳು, ಐದು ಗಂಡು, ಐದು ಹೆಣ್ಣು. ಐದೂ ಗಂಡುಮಕ್ಕಳು ಮುಂದೆ ವೃತ್ತಿಪರ ಫುಟ್ಬಾಲ್ ಆಟಗಾರರಾದ್ರು. ತಾಯಿಯ ಇಬ್ಬರು ಸಹೋದರರೂ ವೃತ್ತಿಪರ ಆಟಗಾರರೇ. ಆ ಪುಟ್ಟ ಊರೊಂದರಿಂದಲೇ ಸುಮಾರು 50 ವೃತ್ತಿಪರ ಆಟಗಾರರು ಬಂದಿದ್ದಾರೆ ಅಂತ ಲೆಕ್ಕ ಹೇಳ್ತಾರೆ.

ಬಿಲ್ 14ನೇ ವಯಸ್ಸಿಗೆ ಶಾಲೆ ಬಿಟ್ಟು ಗಣಿ ಕೆಲಸಕ್ಕೆ ಸೇರಿದ್ರು. ಮೊದಲು ಮೇಲ್ಗಡೆ ಕಲ್ಲು ಮತ್ತು ಕಲ್ಲಿದ್ದಲು ಬೇರ್ಪಡಿಸೋ ಕೆಲಸ, ಆಮೇಲೆ ಗಣಿಯ ತಳದಲ್ಲಿ ಗಾಡಿಗಳ ಕೆಲಸ. ಎರಡು ವರ್ಷ ಆಗೋಷ್ಟರಲ್ಲಿ ಗಣಿ ಮುಚ್ಚಿತು, ಹುಡುಗನ ಕೆಲಸ ಹೋಯ್ತು. ಆಮೇಲೆ ಉಳಿದಿದ್ದು ಫುಟ್ಬಾಲ್ ಒಂದೇ ದಾರಿ.

ಗಣಿಯ ಒಳಗೆ ಒಬ್ಬರು ಇನ್ನೊಬ್ಬರನ್ನು ನಂಬದೆ ಬದುಕೋಕಾಗಲ್ಲ. ಪಕ್ಕದವನಿಗೆ ಕಷ್ಟ ಆದ್ರೆ ಉಳಿದವರು ಕೈ ಹಾಕಲೇಬೇಕು. ಶಾಂಕ್ಲಿ ಮುಂದೆ ಟೀಮ್ ಕಟ್ಟಿದ್ದೂ ಇದೇ ಲೆಕ್ಕದ ಮೇಲೆ. ಸ್ಟಾರ್ ಆಟಗಾರ ಆದ್ರೂ ಬೆವರು ಹರಿಸಲೇಬೇಕು ಅನ್ನೋದು ಅವರ ಕಾನೂನು.

ಆಟಗಾರನಾಗಿ

1932ರಲ್ಲಿ ಕಾರ್ಲೈಲ್ ಯುನೈಟೆಡ್ ಸೇರಿದ ಅವರನ್ನು ಮರುವರ್ಷವೇ ಪ್ರೆಸ್ಟನ್ ನಾರ್ತ್ ಎಂಡ್ ಕ್ಲಬ್ 500 ಪೌಂಡ್ ಕೊಟ್ಟು ಕೊಂಡುಕೊಂಡಿತು. 1937ರ ಎಫ್‌ಎ ಕಪ್ ಫೈನಲ್‌ನಲ್ಲಿ ಸೋಲು, 1938ರಲ್ಲಿ ಅದೇ ಕಪ್ ಕೈಗೆ. ಸ್ಕಾಟ್ಲೆಂಡ್ ದೇಶದ ಪರವಾಗಿಯೂ ಆಡಿದ್ರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು, ಶಾಂಕ್ಲಿ ವಾಯುಪಡೆ ಸೇರಿದ್ರು. ಯುದ್ಧ ಮುಗಿದು ಲೀಗ್ ಮತ್ತೆ ಶುರುವಾದಾಗ ಅವರಿಗೆ ವಯಸ್ಸು 33. ಆಟಗಾರನ ಒಳ್ಳೆ ವರ್ಷಗಳು ಯುದ್ಧದಲ್ಲೇ ಕಳೆದುಹೋಗಿದ್ವು.

1951: ಕೈತಪ್ಪಿದ ಕೆಲಸ

1949ರಲ್ಲಿ ಆಟ ನಿಲ್ಲಿಸಿ ಕಾರ್ಲೈಲ್‌ಗೆ ಮ್ಯಾನೇಜರ್ ಆದ್ರು. ಇಂಗ್ಲೆಂಡಿನಲ್ಲಿ ಆಗ ಮುಖ್ಯ ಕೋಚ್‌ಗೆ ಮ್ಯಾನೇಜರ್ ಅಂತಲೇ ಕರೀತಿದ್ರು. 1951ರಲ್ಲಿ ಲಿವರ್‌ಪೂಲ್ ಹೊಸ ಮ್ಯಾನೇಜರ್ ಹುಡುಕ್ತಿತ್ತು. ಶಾಂಕ್ಲಿಯನ್ನು ಸಂದರ್ಶನಕ್ಕೆ ಕರೆದ್ರು.

ಅಲ್ಲೊಂದು ತೊಡಕು ಇತ್ತು. ಆ ಕಾಲದಲ್ಲಿ ಯಾರು ಆಡಬೇಕು, ಯಾರು ಕೂರಬೇಕು ಅನ್ನೋ ಕೊನೆ ಮಾತು ನಿರ್ದೇಶಕರದ್ದು. ಅವರು ದುಡ್ಡು ಹಾಕಿದ ದೊಡ್ಡ ಮನುಷ್ಯರು, ಮೈದಾನಕ್ಕೆ ಇಳಿದವರಲ್ಲ. ಟೀಮ್ ಆರಿಸೋ ಅಧಿಕಾರ ಇಲ್ಲದಿದ್ರೆ ಮ್ಯಾನೇಜರ್ ಯಾಕೆ ಬೇಕು ಅನ್ನೋದು ಶಾಂಕ್ಲಿ ನಿಲುವು. ಕೆಲಸ ಬೇರೆಯವರಿಗೆ ಹೋಯ್ತು.

ಮುಂದಿನ ವರ್ಷಗಳೆಲ್ಲ ಸಣ್ಣ ಕ್ಲಬ್‌ಗಳಲ್ಲೇ ಕಳೆದವು. ಗ್ರಿಮ್ಸ್‌ಬಿ, ವರ್ಕಿಂಗ್ಟನ್, ಹಡರ್ಸ್‌ಫೀಲ್ಡ್. ವರ್ಕಿಂಗ್ಟನ್‌ನಲ್ಲಂತೂ ಫೋನ್ ಎತ್ತೋದು, ಕಾಗದಕ್ಕೆ ಉತ್ತರ ಬರೆಯೋದು, ಸಂಬಳ ಬಟವಾಡೆ ಎಲ್ಲಾ ಇವರೇ. ಹಡರ್ಸ್‌ಫೀಲ್ಡ್‌ನಲ್ಲಿ 16 ವರ್ಷದ ಡೆನಿಸ್ ಲಾ ಅನ್ನೋ ಹುಡುಗನಿಗೆ ಅವಕಾಶ ಕೊಟ್ರು. ಆತ ಮುಂದೆ ಯುರೋಪಿನ ದೊಡ್ಡ ಆಟಗಾರನಾದ. ಆದ್ರೆ ಎಲ್ಲಾ ಕಡೆ ಒಂದೇ ಗೋಳು. ಒಳ್ಳೆ ಆಟಗಾರರನ್ನು ಕೊಳ್ಳೋಣ ಅಂದ್ರೆ ಆಡಳಿತ ಮಂಡಳಿ ಕೈ ಬಿಚ್ಚುತ್ತಿರಲಿಲ್ಲ.

ಲಿವರ್‌ಪೂಲ್‌ನ ಸ್ಥಿತಿ

ಇತ್ತ ಲಿವರ್‌ಪೂಲ್ 1954ರಲ್ಲಿ ಎರಡನೇ ಡಿವಿಜನ್‌ಗೆ ಜಾರಿತ್ತು. ಮೇಲಕ್ಕೆ ಹೋಗೋಕೆ ಮೊದಲ ಎರಡು ಸ್ಥಾನದಲ್ಲಿ ಇರಬೇಕಿತ್ತು. ಇವರು ಮೂರು, ಮೂರು, ನಾಲ್ಕು, ನಾಲ್ಕು ಹೀಗೆ ಪ್ರತಿ ಸಲ ಬಾಗಿಲ ಹತ್ತಿರ ಬಂದು ವಾಪಸ್. ಅದೇ ಊರಿನ ಎದುರಾಳಿ ಎವರ್ಟನ್ ಮಾತ್ರ ಮೊದಲ ಡಿವಿಜನ್‌ನಲ್ಲಿ. 1958ರ ಅಕ್ಟೋಬರ್‌ನಲ್ಲಿ ಶಾಂಕ್ಲಿಯ ಹಡರ್ಸ್‌ಫೀಲ್ಡ್ ಕೈಲೇ 5-0 ಸೋಲು. 1959ರ ಜನವರಿಯಲ್ಲಿ ಎಫ್‌ಎ ಕಪ್‌ನಲ್ಲಿ ವೂಸ್ಟರ್ ಸಿಟಿ ಅನ್ನೋ ಲೀಗ್‌ನಲ್ಲೇ ಇಲ್ಲದ ಸಣ್ಣ ಟೀಮಿನ ಎದುರು 2-1 ಮುಖಭಂಗ.

ಅದೇ ವರ್ಷ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಟಿ.ವಿ. ವಿಲಿಯಮ್ಸ್ ಖುದ್ದಾಗಿ ಹಡರ್ಸ್‌ಫೀಲ್ಡ್ ಮೈದಾನಕ್ಕೆ ಹೋಗಿ ಶಾಂಕ್ಲಿಯನ್ನು ಕಂಡ್ರು. ನವೆಂಬರ್‌ನಲ್ಲಿ ಹಳೆ ಮ್ಯಾನೇಜರ್ ಫಿಲ್ ಟೇಲರ್ ರಾಜೀನಾಮೆ ಕೊಟ್ರು. ಡಿಸೆಂಬರ್‌ನಲ್ಲಿ ಶಾಂಕ್ಲಿ ಬಂದ್ರು. ಈ ಸಲ ಟೀಮ್ ಆರಿಸೋದು ಅವರೇ.

ಎಂಟು ವರ್ಷದ ಹಿಂದೆ ಬೇಡ ಅಂದ ಅದೇ ಮನುಷ್ಯ, ಅದೇ ಕ್ಲಬ್. ಬದಲಾಗಿದ್ದು ಆ ಒಂದು ಷರತ್ತು.

ಮೊದಲು ನೀರು, ಆಮೇಲೆ ಗೋಲು

ಬಂದ ಕೂಡಲೇ ಗೆಲುವು ಸಿಗಲಿಲ್ಲ. 1959ರ ಡಿಸೆಂಬರ್ 19ರಂದು ಮೊದಲ ಮ್ಯಾಚ್. ತವರು ಮೈದಾನ ಆನ್‌ಫೀಲ್ಡ್‌ನಲ್ಲೇ ಕಾರ್ಡಿಫ್ ಎದುರು 4-0 ಸೋಲು. ಮುಂದಿನ ಮ್ಯಾಚ್ ಚಾರ್ಲ್ಟನ್ ಎದುರು 3-0 ಸೋಲು.

ಮೈದಾನದ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಆನ್‌ಫೀಲ್ಡ್‌ನ ಹುಲ್ಲಿಗೆ ನೀರು ಹಾಯಿಸೋ ವ್ಯವಸ್ಥೆ ಸಹ ಇರಲಿಲ್ಲ. ಅದಕ್ಕೆ 3,000 ಪೌಂಡ್ ಖರ್ಚು ಮಾಡಿಸಿದ್ರು. ಮೆಲ್‌ವುಡ್ ಅನ್ನೋ ತರಬೇತಿ ಜಾಗದಲ್ಲಿ ಗಿಡಗಂಟಿ ಬೆಳೆದು ನೆಲವೆಲ್ಲ ಉಬ್ಬುತಗ್ಗು. ಅದನ್ನು ಸಾಫ್ ಮಾಡಿಸಿದ್ರು.

ಹೊಸ ಕೋಚ್ ಬಂದಾಗ ಹಳೆ ಸಿಬ್ಬಂದಿಗೆ ಗೇಟ್‌ಪಾಸ್ ಸಿಗೋದು ಸಾಮಾನ್ಯ. ಶಾಂಕ್ಲಿ ಹಾಗೆ ಮಾಡಲಿಲ್ಲ. ಬಾಬ್ ಪೈಸ್ಲಿ, ಜೋ ಫೇಗನ್, ರೂಬೆನ್ ಬೆನೆಟ್ ಮೂವರನ್ನೂ ಉಳಿಸಿಕೊಂಡು, ನಿಷ್ಠೆ ಒಂದನ್ನೇ ಕೇಳಿದ್ರು. ಆಟಗಾರರ ವಿಷಯದಲ್ಲಿ ಮಾತ್ರ ಕರುಣೆ ಇರಲಿಲ್ಲ. 24 ಜನರ ಪಟ್ಟಿ ಮಾಡಿ ಒಬ್ಬೊಬ್ಬರಾಗಿ ಕಳಿಸಿದ್ರು.

ತರಬೇತಿ ಕ್ರಮವೂ ಬದಲಾಯ್ತು. ಬರೀ ರಸ್ತೆ ಓಟ ನಿಂತು ಚೆಂಡಿನ ಜೊತೆ ಅಭ್ಯಾಸ ಬಂತು. ಐದೈದು ಜನರ ಸಣ್ಣ ಆಟ, ಪಾಸ್ ಕೊಟ್ಟು ತಕ್ಷಣ ಜಾಗ ಬದಲಿಸೋದು. ನಾಲ್ಕೂ ಕಡೆ ಹಲಗೆ ನಿಲ್ಲಿಸಿ, ನಡುವೆ ಆಟಗಾರನನ್ನು ಬಿಟ್ಟು, ಹಲಗೆಗೆ ಬಡಿದು ಬರೋ ಚೆಂಡನ್ನು ಬಿಡುವಿಲ್ಲದೆ ಒದೆಯೋ ಕಸರತ್ತು. ಆನ್‌ಫೀಲ್ಡ್‌ನಲ್ಲಿ ಬಟ್ಟೆ ಬದಲಿಸಿ ಬಸ್ಸಿನಲ್ಲಿ ಮೆಲ್‌ವುಡ್‌ಗೆ ಹೋಗೋದು, ತರಬೇತಿ ಮುಗಿಸಿ ಅದೇ ಬಸ್ಸಿನಲ್ಲಿ ವಾಪಸ್ ಬಂದು ಸ್ನಾನ, ಒಟ್ಟಿಗೆ ಊಟ. ಬಿಸಿಯಾದ ಮೈ ನಿಧಾನವಾಗಿ ತಣ್ಣಗಾಗಲಿ ಅನ್ನೋದು ಲೆಕ್ಕ.

ಮೊದಲೆರಡು ಸೀಸನ್‌ಗಳಲ್ಲಿ ಮತ್ತೆ ಮೂರನೇ ಸ್ಥಾನವೇ. ಇಲ್ಲೂ ಮಂಡಳಿ ದುಡ್ಡು ಬಿಚ್ಚೋಕೆ ಹಿಂದೆಮುಂದೆ ನೋಡ್ತಿತ್ತು. ಎರಿಕ್ ಸಾಯರ್ ಅನ್ನೋ ಹೊಸ ನಿರ್ದೇಶಕರು ಶಾಂಕ್ಲಿ ಪರ ನಿಂತ ಮೇಲೆ ದಾರಿ ಸುಗಮವಾಯ್ತು. 1961ರಲ್ಲಿ 37,500 ಪೌಂಡ್ ಕೊಟ್ಟು ಇಯಾನ್ ಸೇಂಟ್ ಜಾನ್‌ನನ್ನು ತಂದ್ರು. ಆ ಕ್ಲಬ್‌ಗೆ ಅದು ದಾಖಲೆಯ ಬೆಲೆ. ಜೊತೆಗೆ ರಕ್ಷಣೆಗೆ ರಾನ್ ಯೇಟ್ಸ್ ಬಂದ್ರು. ಆ ಎತ್ತರದ ಆಳನ್ನು ನಿಲ್ಲಿಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ ಅಂತ ಶಾಂಕ್ಲಿ ಪತ್ರಕರ್ತರಿಗೆ ಹೇಳಿದ್ದು ಇವತ್ತಿಗೂ ಅಲ್ಲಿ ಜನಪ್ರಿಯ ಕಥೆ.

1961-62ರಲ್ಲಿ ಲಿವರ್‌ಪೂಲ್ ಎರಡನೇ ಡಿವಿಜನ್ ಚಾಂಪಿಯನ್. ರೋಜರ್ ಹಂಟ್ ಒಬ್ಬರೇ ಲೀಗ್‌ನಲ್ಲಿ 41 ಗೋಲು ಹೊಡೆದಿದ್ರು. ಎರಡೇ ವರ್ಷಕ್ಕೆ, 1964ರಲ್ಲಿ, ದೇಶದ ಲೀಗ್ ಚಾಂಪಿಯನ್. 1965ರಲ್ಲಿ ಲೀಡ್ಸ್ ಎದುರು ಗೆದ್ದು ಕ್ಲಬ್ ಇತಿಹಾಸದ ಮೊದಲ ಎಫ್‌ಎ ಕಪ್. ಆ ಫೈನಲ್‌ನಲ್ಲಿ ಗೆರ್ರಿ ಬರ್ನ್ ಅನ್ನೋ ಆಟಗಾರ ಭುಜದ ಹತ್ತಿರದ ಮೂಳೆ ಮುರಿದುಕೊಂಡೇ ಕೊನೆವರೆಗೂ ಆಡಿದ್ರು. 1966ರಲ್ಲಿ ಮತ್ತೆ ಲೀಗ್, ಅದೂ ಇಡೀ ಸೀಸನ್‌ಗೆ ಬರೀ 14 ಆಟಗಾರರನ್ನು ಬಳಸಿ. ಅಡಿಯಿಂದ ಮುಡಿವರೆಗೆ ಪೂರ್ತಿ ಕೆಂಪು ಉಡುಪು ಬಂದಿದ್ದೂ ಶಾಂಕ್ಲಿ ಕಾಲದಲ್ಲೇ, 1964ರಲ್ಲಿ.

ಏಳು ವರ್ಷದ ಬರ

ಇಲ್ಲಿಗೆ ಕಥೆ ನಿಲ್ಲಿಸಿದ್ರೆ ಅರ್ಧ ಸತ್ಯ. 1966ರಿಂದ 1973ರವರೆಗೆ ಒಂದು ದೊಡ್ಡ ಕಪ್ ಕೂಡ ಬರಲಿಲ್ಲ. ಗೆದ್ದುಕೊಟ್ಟ ಆಟಗಾರರಿಗೆ ವಯಸ್ಸಾಗ್ತಿತ್ತು. ಅವರನ್ನು ಕೂರಿಸೋಕೆ ಶಾಂಕ್ಲಿಗೆ ಮನಸ್ಸು ಬರಲಿಲ್ಲ. ಬಂದ ಹೊಸದರಲ್ಲಿ 24 ಜನರನ್ನು ಕಳಿಸಿದವರು ತಾವೇ ಬೆಳೆಸಿದವರ ಮುಂದೆ ಮೆತ್ತಗಾಗಿದ್ರು. 1970ರ ಫೆಬ್ರವರಿಯಲ್ಲಿ ಕೆಳ ಡಿವಿಜನ್‌ನ ವಾಟ್‌ಫರ್ಡ್ ಎದುರು ಎಫ್‌ಎ ಕಪ್‌ನಲ್ಲಿ ಸೋತಾಗ ಕಣ್ಣು ತೆರೆಯಿತು.

ಹಳಬರು ಹೊರಗೆ ಹೋದ್ರು. ರೇ ಕ್ಲೆಮೆನ್ಸ್, ಸ್ಟೀವ್ ಹೈವೇ, ಜಾನ್ ಟೋಶಾಕ್, ಕೆವಿನ್ ಕೀಗನ್ ತರಹದ ಹುಡುಗರು ಬಂದ್ರು. ಇವತ್ತಾಗಿದ್ರೆ ಏಳು ವರ್ಷ ಕಪ್ ಇಲ್ಲದ ಕೋಚ್ ಅಷ್ಟು ದಿನ ಉಳೀತಿದ್ರಾ? ಮಂಡಳಿ ಆಗ ಕಾದಿತು. 1973ರಲ್ಲಿ ಲೀಗ್ ಜೊತೆ ಯುಇಎಫ್‌ಎ ಕಪ್, 1974ರಲ್ಲಿ ನ್ಯೂಕ್ಯಾಸಲ್ ಎದುರು 3-0 ಗೆದ್ದು ಎಫ್‌ಎ ಕಪ್.

ಬಿಟ್ಟ ಮೇಲೆ

ಅದೇ 1974ರ ಜುಲೈ 12ರಂದು ಶಾಂಕ್ಲಿ ರಾಜೀನಾಮೆ ಘೋಷಿಸಿದ್ರು. ವಯಸ್ಸು 60. ದಣಿದಿದ್ರು, ಮನೆಯವರಾದ ನೆಸ್ಸಿ ಜೊತೆ ಸಮಯ ಕಳೆಯಬೇಕಿತ್ತು. ಊರಿನ ಜನ ಸುದ್ದಿ ನಂಬೋಕೇ ತಯಾರಿರಲಿಲ್ಲ.

ಉತ್ತರಾಧಿಕಾರಿಗಾಗಿ ಕ್ಲಬ್ ಹೊರಗೆ ಹೋಗಲಿಲ್ಲ. ಹೆಚ್ಚು ಮಾತಾಡದ ಸಹಾಯಕ ಪೈಸ್ಲಿಯನ್ನು ಒತ್ತಾಯ ಮಾಡಿ ಕೂರಿಸಿದ್ರು. ಶಾಂಕ್ಲಿ ಅಭ್ಯಾಸ ಬಲದಿಂದ ಮೆಲ್‌ವುಡ್‌ಗೆ ಬರ್ತಲೇ ಇದ್ರು. ಆಟಗಾರರು ಅವರನ್ನೇ ಈಗಲೂ ಬಾಸ್ ಅಂತ ಕರೀತಿದ್ರು. ಪೈಸ್ಲಿಗೆ ಇದು ಕಸಿವಿಸಿ. ಕೊನೆಗೆ ಶಾಂಕ್ಲಿ ಬರೋದು ನಿಂತುಹೋಯ್ತು. ತಾನು ಕಟ್ಟಿದ ಮನೆಗೆ ತಾನೇ ನೆಂಟನಾದ ನೋವು ಅವರಿಗಿತ್ತು. ಬಿಟ್ಟಿದ್ದಕ್ಕೆ ಪಶ್ಚಾತ್ತಾಪವೂ ಇತ್ತು.

ಆದ್ರೆ ಅವರು ಉಳಿಸಿಕೊಂಡಿದ್ದ ಸಿಬ್ಬಂದಿಯ ಬೆಲೆ ಆಮೇಲೆ ತಿಳೀತು. ಪೈಸ್ಲಿ ಒಂಬತ್ತು ವರ್ಷದಲ್ಲಿ ಆರು ಲೀಗ್, ಮೂರು ಯುರೋಪಿಯನ್ ಕಪ್ ಗೆದ್ರು. ನಂತರ ಬಂದ ಫೇಗನ್ 1984ರಲ್ಲಿ ಇನ್ನೊಂದು ಯುರೋಪಿಯನ್ ಕಪ್ ತಂದ್ರು.

1981ರ ಸೆಪ್ಟೆಂಬರ್ 29ರಂದು ಹೃದಯಾಘಾತದ ಬಳಿಕ ಶಾಂಕ್ಲಿ ತೀರಿಕೊಂಡ್ರು. ಮರುವರ್ಷ ಆನ್‌ಫೀಲ್ಡ್‌ನಲ್ಲಿ ಅವರ ಹೆಸರಿನ ಗೇಟ್ ಬಂತು, 1997ರಲ್ಲಿ ಕಂಚಿನ ಪ್ರತಿಮೆ. ಅವರ ಹುಟ್ಟೂರು ಗ್ಲೆನ್‌ಬಕ್ ಮಾತ್ರ ಗಣಿ ಮುಚ್ಚಿ, ಜನ ಖಾಲಿಯಾಗಿ, ಹೆಸರಿಗಷ್ಟೇ ಉಳಿಯಿತು. ಅಲ್ಲೀಗ ಅವರ ನೆನಪಿನ ಕಲ್ಲು ಇದೆ, ದೂರದಿಂದ ಅಭಿಮಾನಿಗಳು ಬಂದು ಕೆಂಪು ಸ್ಕಾರ್ಫ್ ಇಟ್ಟು ಹೋಗ್ತಾರೆ.

ನಿಮ್ಮ ನೆಚ್ಚಿನ ಟೀಮ್ ಮುಂದಿನ ಸಲ ಸೋತು ಕೋಚ್ ಬದಲಾವಣೆ ಸುದ್ದಿ ಬಂದಾಗ, ಹೊಸ ಹೆಸರು ಯಾವುದು ಅಂತ ಮಾತ್ರ ನೋಡಬೇಡಿ. ಟೀಮ್ ಆರಿಸೋರು ಯಾರು, ಅವರಿಗೆ ಎಷ್ಟು ಸಮಯ ಕೊಡ್ತಾರೆ ಅನ್ನೋದನ್ನೂ ನೋಡಿ. 1951ರಲ್ಲಿ ಲಿವರ್‌ಪೂಲ್ ಇದೇ ವಿಷಯದಲ್ಲಿ ತಪ್ಪಿತ್ತು, 1959ರಲ್ಲಿ ಸರಿಮಾಡಿಕೊಂಡಿತು.